ಗಾಜಿಗೆ ಹೊದಿಸಿದ ಹತ್ತಿ

ನ್ಯೋಮಾ ಆಚೆಯ ಕ್ಯಾಂಪು, ಲಡಾಖ್
22 ಸೆಪ್ಟೆಂಬರ್ 2024

ಅಕ್ಕ ಕುಲ್ಸುಂಬೀಗೆ ರಫೀಕನ ಸಲಾಂ.

ಫೋನ್ ಯಾಕೆ ಮಾಡಲಿಲ್ಲ ಎಂದು ಬೈಯುವ ಮೊದಲು ಓದು. ನಮ್ಮ ಕಡೆಯ ಸಿಮ್ಮು ಇಲ್ಲಿ ನಡೆಯುವುದಿಲ್ಲ. ಕ್ಯಾಂಪಿನಲ್ಲಿ ಕಂಪನಿಯದೊಂದು ಫೋನಿದೆ, ಅದು ಡೀಸೆಲ್ಲು, ಸಿಮೆಂಟು ಕೇಳುವುದಕ್ಕೆ. ಲೇಹ್‌ನಿಂದ ಸಾಮಾನು ತರುವ ಲಾರಿಯ ಜೊತೆ ಟಪಾಲು ಬರುತ್ತದೆ, ಹೋಗುತ್ತದೆ. ಮಂಜು ಬಿದ್ದರೆ ಅದೂ ನಿಧಾನ.

ನಾನು ಈಗ ಓಡಿಸುವುದು ಲಾರಿಯಲ್ಲ, ಒಂದು ಮನೆ. ಮಿನಿ ಬಸ್ಸಿನ ಸೀಟು ಕಿತ್ತು ಮಂಚ, ಒಲೆ, ಬಚ್ಚಲು ಎಲ್ಲ ಕೂಡಿಸಿದ್ದಾರೆ. ಮೋಟರ್‌ಹೋಮ್ ಎನ್ನುತ್ತಾರೆ. ರಸ್ತೆ ಸರ್ವೆ ಮಾಡುವ ಇಂಜಿನಿಯರ್ ಸಮ್ರಾಟ್ ಸಾಹೇಬರು ಇದರಲ್ಲೇ ಇರುತ್ತಾರೆ. ನವೆಂಬರಿನಲ್ಲಿ ಅವರು ವಿಮಾನ ಹತ್ತಿ ಊರಿಗೆ ಹೋಗುತ್ತಾರೆ. ನಾನು ಇರಬೇಕು. ಒಳಗೆ ಯಾರೂ ಇಲ್ಲದಿದ್ದರೆ ನೀರಿನ ಪೈಪು ಒಡೆಯುತ್ತದೆ, ಬ್ಯಾಟರಿ ಸಾಯುತ್ತದೆ. ಏಪ್ರಿಲ್‌ವರೆಗೆ ಗಾಡಿ ಕಾಪಾಡಿದರೆ ನನ್ನನ್ನು ಕಾಯಂ ಡ್ರೈವರ್ ಮಾಡುತ್ತಾರಂತೆ.

ಗೋಡೆಗಳು ಪರವಾಗಿಲ್ಲ, ಚಳಿ ತಡೆಯುತ್ತವೆ. ತೊಂದರೆ ಕಿಟಕಿಗಳದು. ಒಂಟಿ ಗಾಜು. ಈಗಲೇ ಬೆಳಿಗ್ಗೆ ಎದ್ದರೆ ನನ್ನ ಉಸಿರು ಗಾಜಿನ ಒಳಮೈಗೆ ಬಿಳಿ ಹೆಪ್ಪಾಗಿ ಅಂಟಿರುತ್ತದೆ, ಚಮಚದಿಂದ ಕೆರೆಯಬೇಕು. ಜನವರಿಯಲ್ಲಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ ಹೋಗುತ್ತದಂತೆ. ಹೀಟರಿಗೆ ರಾತ್ರಿ ಸ್ವಲ್ಪ ಹೊತ್ತಿನ ಡೀಸೆಲ್ ಮಾತ್ರ.

ಪ್ರತಿ ಕಿಟಕಿಗೂ ಹಳೆಯ ಪೇಪರು ಹಿಡಿದು ಅಳತೆ ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ನಿನ್ನ ಜೀನ್ಸ್ ತುಂಡುಗಳಲ್ಲಿ ಚೀಲದ ಹಾಗೆ ಹೊಲಿದು, ಒಳಗೆ ಚಿಂದಿ ತುಂಬಿ ಕಳಿಸು. ಚೌಕಟ್ಟಿಗೆ ಸಿಕ್ಕಿಸಲು ಅಂಚಿಗೆ ಗುಂಡಿ ಹಾಕು. ಸಾಹೇಬರೂ ಏನೋ ಕಳಿಸುತ್ತೇನೆ ಎಂದಿದ್ದಾರೆ. ಸಾಹೇಬರ ಮಾತು ಸಾಹೇಬರ ಜೊತೆಗೇ ವಿಮಾನ ಹತ್ತುತ್ತದೆ.

ಅಪ್ಪನಿಗೆ ಹೇಳಬೇಡ. ಗಾದಿಗೆ ಹತ್ತಿ ಹಿಂಜುವ ಬಿಲ್ಲು ಬೇಡವೆಂದು ಸ್ಟೇರಿಂಗ್ ಹಿಡಿದವನು ಈಗ ಹೊದಿಕೆ ಬೇಡುತ್ತಿದ್ದಾನೆ ಎಂದು ನಗುತ್ತಾರೆ. ನಕ್ಕರೂ ಆದೀತು. ನಗುವುದಿಲ್ಲ ಅವರು, ಅದೇ ಕಷ್ಟ.

ನಿನ್ನ ತಮ್ಮ,
ರಫೀಕ್


ಕೌಲ್ ಬಜಾರ್, ಬಳ್ಳಾರಿ
14 ಅಕ್ಟೋಬರ್ 2024

ತಮ್ಮ ರಫೀಕನಿಗೆ,

ಅಳತೆ ಬಂತು, ಅಕ್ಕರೆ ಬರಲಿಲ್ಲ;
ಕಿಟಕಿ ಕಂಡಿತು, ಕುಶಲ ಕಾಣಲಿಲ್ಲ.

ಬಿ.ಎ. ಓದಿ ಜೀನ್ಸಿಗೆ ಜೇಬು ಹೊಲಿಯುವವಳಿಗೆ ಉಳಿದ ಪದವಿ ಇದೊಂದೇ, ಪ್ರಾಸ ಹಾಕುವುದು. ಸಹಿಸಿಕೋ.

ಅಪ್ಪನಿಗೆ ಹೇಳಬೇಡ ಎಂದೆ. ಹೇಳಲಿಲ್ಲ. ಆದರೆ ಒಂದು ಬಸ್ಸಿನಷ್ಟು ಕಿಟಕಿಗಳನ್ನು ಒಂದು ಕೋಣೆಯ ಮನೆಯಲ್ಲಿ ಎಲ್ಲಿ ಬಚ್ಚಿಡಲಿ? ಕಾಗದಗಳನ್ನು ನೆಲಕ್ಕೆ ಹರಡಿ ಯಾವುದು ಎಡ, ಯಾವುದು ಬಲ ಎಂದು ನೋಡುತ್ತಿದ್ದೆ. ನಮಾಜು ಮುಗಿಸಿ ಬಂದವರು ಒಂದನ್ನೂ ತುಳಿಯದೆ ಗೋಡೆಯುದ್ದಕ್ಕೂ ಸುತ್ತಿ ಬಂದು ಮಂಚದ ಮೇಲೆ ಕೂತರು.

“ಯಾರ ಅಂಗಿ ಇವು? ತೋಳಿಲ್ಲ, ಕೊಳ್ಳಿಲ್ಲ.”

“ಅಂಗಿ ಅಲ್ಲಪ್ಪ, ಕಿಟಕಿ.”

“ಕಿಟಕಿಗಿ ಅಂಗಿ ತೊಡಸೋ ಸಾವ್ಕಾರ ಯಾರವಾ?”

ನಾನು ಕಾಗದಗಳನ್ನು ಜೋಡಿಸುತ್ತಲೇ ಇದ್ದೆ. ನೀನು ಲಾರಿ ಹತ್ತಿದ ದಿನದಿಂದ ಈ ಮನೆಯಲ್ಲಿ ನಿನ್ನ ಹೆಸರು ಯಾರೂ ಎತ್ತುವುದಿಲ್ಲ ಎಂಬುದು ನಿನಗೂ ಗೊತ್ತು. ಅವರೇ ಹೆಸರು ಹಿಡಿಯದೆ ಕೇಳಿದರು.

“ಅದು ಎಲ್ಲೈತಿ ಈಗ?”

“ಹಿಮದಾಗ.”

“ಏನ್ ತುಂಬ್ತೀ ಇವಕ್ಕ?”

“ಜೀನ್ಸ್ ಚಿಂದಿ.”

“ಚಿಂದಿ ತುಂಬಿದ್ರ ಚಿಂದಿಗಿ ಬೆಚ್ಚಗಿರತೈತಿ. ಒಳಗ ಮಲಗಿದಾಂವಗ ಅಲ್ಲ.”

ಅಷ್ಟೇ. ಮಲಗಿಬಿಟ್ಟರು. ಬೆಳಿಗ್ಗೆ ನೋಡಿದರೆ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. “ಸಿರುಗುಪ್ಪಕ್ಕ ಹೋಗಬೇಕು, ನಡಿ.” ನೀನು ಹೋದ ಮೇಲೆ ಬಿಲ್ಲನ್ನು ಎರ್ರಿಸ್ವಾಮಿ ಮಾವನ ಅಟ್ಟಕ್ಕೆ ಹಾಕಿ ಬಂದಿದ್ದರಲ್ಲ, ಅದನ್ನು ತರುವುದಕ್ಕೆ. ಎರ್ರಿಸ್ವಾಮಿ ಮಾವ ಏಣಿಯ ಮೇಲಿನಿಂದ ಧೂಳು ಕೊಡವುತ್ತ, “ಏನ್ ಅಮೀರಸಾಬ, ಬಿಲ್ಲು ತಗಂಡು ಈ ವಯಸ್ಸಿನಾಗ ಯಾರ ಮ್ಯಾಲ ಯುದ್ಧಕ್ಕ ಹೊಂಟೀಯಪಾ?” ಅಂದ. ಅಪ್ಪ, “ಚಳಿ ಮ್ಯಾಲ” ಅಂದರು. ಅವರಿಬ್ಬರೂ ನಕ್ಕಿದ್ದನ್ನು ನಾನು ಬಹಳ ದಿನದ ಮೇಲೆ ಕೇಳಿದೆ.

ವಾಪಸು ಬರುವಾಗ ಕಂಡಕ್ಟರ್ ಬಿಲ್ಲಿಗೆ ಅರ್ಧ ಟಿಕೆಟ್ ಎಂದ. ಅಪ್ಪ, “ಇದು ನನಗಿಂತ ಹಿರೇದು, ಇದಕ್ಕ ಹಿರಿಯರ ರಿಯಾಯಿತಿ ಕೊಡು” ಎಂದರು. ಕೊಟ್ಟ ಮಾರಾಯ.

ಹತ್ತಿಗೆ ಇನ್ನೊಂದು ಸುತ್ತು. ಹಚ್ಚೊಳ್ಳಿ, ದೇಶನೂರು ಕಡೆ ಕಣ್ಣು ಹಾಯುವವರೆಗೂ ಭತ್ತ. ಕಡೆಗೆ ಕುರುಗೋಡಿನಲ್ಲಿ ವೀರಭದ್ರಪ್ಪನ ಹೊಲದ ಹತ್ತಿ ಸಿಕ್ಕಿತು. ಹಿಡಿಯಷ್ಟು ತೆಗೆದು ಮೂಸಿ ನೋಡಿ, ಕೆನ್ನೆಗೆ ಒತ್ತಿಕೊಂಡು, “ಇದು ಆಗಬಹುದು” ಎಂದರು. ನಿನ್ನೆಯಿಂದ ಮನೆಯಲ್ಲಿ ಬಿಲ್ಲಿನ ಟೊಂಯ್ ಟೊಂಯ್ ಶುರುವಾಗಿದೆ. ಪಕ್ಕದ ಮನೆಯ ಈರಮ್ಮ, ಏನು ವಾದ್ಯ ಕಲಿಯುತ್ತಿದ್ದೀರಿ ಎಂದು ಕೇಳಿ ಹೋದಳು.

ನಿನ್ನ ಹೆಸರು ಇನ್ನೂ ಬಾಯಿಂದ ಬಂದಿಲ್ಲ. ಕೈಯಿಂದ ಬರುತ್ತಿದೆ ಎಂದುಕೋ.

ಅಕ್ಕ


ಬಳ್ಳಾರಿ
2 ನವೆಂಬರ್ 2024

ರಫೀಕ,

ಹಿಂಜಿದ್ದು ಅಪ್ಪ, ಹೊಲಿದದ್ದು ನಾನು,
ಹೊದ್ದುಕೊಳ್ಳುವುದು ಗಾಜು, ನಡುಗುವುದು ನೀನು.

ಇವತ್ತು ಪಾರ್ಸೆಲ್ ಹೋಯಿತು. ಹೋಗುವ ಮೊದಲು ಪೋಸ್ಟಾಫೀಸಿನಲ್ಲಿ ನಡೆದದ್ದು ಹೇಳುತ್ತೇನೆ. ಕೌಂಟರಿನ ಹುಡುಗಿ ಅಕ್ಷತಾ ಒಳ್ಳೆಯವಳು. ಗಂಟು ದೊಡ್ಡದಾಯಿತು, ಒತ್ತಿ ಚಿಕ್ಕದು ಮಾಡಿ ಎಂದಳು. ಅಪ್ಪ ಗಂಟನ್ನು ಎದೆಗೆ ಅವಚಿಕೊಂಡು ನಿಂತುಬಿಟ್ಟರು.

“ಅಲ್ಲವಾ, ಉಸುರು ತುಂಬಿದ ಹತ್ತಿ ಇದು. ಕೂಸಿನ ಮ್ಯಾಲ ಯಾರಾರ ಕುಂದರ್ತಾರೇನು?”

“ತಾತಾ, ನಾನು ಕುಂದರಂಗಿಲ್ಲ. ಚೀಲದಾಗ ಅದರ ಮ್ಯಾಲ ಬ್ಯಾರೆ ಪಾರ್ಸೆಲ್ ಕುಂದರ್ತಾವ.”

ಹಿಂದೆ ಸಾಲು ಬೆಳೆಯಿತು. ಕೊನೆಗೆ ಅವಳು, ಮಂದಿಯ ಪಾರ್ಸೆಲ್ಲಿನ ಮೇಲೆ ಇಡುತ್ತೇನೆ, ಕೆಳಗೆ ಇಡುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಬಿಟ್ಟರು. ಅದು ಬಳ್ಳಾರಿ ದಾಟುವವರೆಗಿನ ಮಾತು ಎಂದು ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಈಗ ಅಪ್ಪನ ಅಪ್ಪಣೆಗಳು. ಅವರು ಹೇಳಿದಂತೆ ಬರೆಯುತ್ತೇನೆ, ನಡುವೆ ಬಾಯಿ ಹಾಕುವುದಿಲ್ಲ.

“ಬಂದ ಕೂಡಲೇ ಕೋಲಿಲೆ ಬಡೀ ಅನ್ನು, ಹತ್ತಿ ಏಳತೈತಿ. ಗಾಜಿಗೂ ಗಾದಿಗೂ ನಡುವ ಬೆರಳು ತೂರಬಾರದು, ಹಂಗ ಒತ್ತಿ ಕೂಡಸಬೇಕು. ನೀರು ತಾಕಸಬಾರದು. ತಂಪು ಹಿಡೀತು ಅನಿಸಿದ್ರ ಬಿಸಿಲಿಗಿ ಹಾಕು ಅನ್ನು. ಒಂದು ಮಧ್ಯಾಹ್ನ ಸಾಕು.”

“ಅಲ್ಲಿ ಬಿಸಿಲು ಐತೋ ಇಲ್ಲೋ” ಎಂದೆ.

“ಬಿಸಿಲಿಲ್ಲದ ಊರು ಅಲ್ಲಾ ಎಲ್ಲಿ ಮಾಡ್ಯಾನ?” ಎಂದರು. ಬಳ್ಳಾರಿಯವರು ಬೇರೆ ಏನು ಹೇಳಲು ಸಾಧ್ಯ.

ಸಿಕ್ಕ ಕೂಡಲೇ ಬರಿ. ನನಗಲ್ಲ, ಅವರಿಗೆ ಓದಿ ಹೇಳುವ ಹಾಗೆ ಬರಿ.

ಅಕ್ಕ


ಕ್ಯಾಂಪು
24 ನವೆಂಬರ್ 2024

ಅಕ್ಕನಿಗೆ, ಅಪ್ಪನಿಗೆ ಸಲಾಂ.

ಗಂಟು ಬಂತು. ಬಿಚ್ಚುವ ಮೊದಲೇ ವಾಸನೆ ಗೊತ್ತಾಯಿತು, ಹೊಸ ಹತ್ತಿ, ಎಣ್ಣೆ ಹಚ್ಚಿದ ಬಿಲ್ಲು. ಅಪ್ಪ ಹೇಳಿದ ಹಾಗೆ ಕೋಲಿನಿಂದ ಬಡಿದೆ. ಕ್ಯಾಂಪಿನ ಮಂದಿ ಬಂದು ನಿಂತು ನೋಡಿದರು.

ಒಂದೊಂದೂ ತನ್ನ ಕಿಟಕಿಗೆ ಅಳೆದು ಹುಟ್ಟಿದ ಹಾಗೆ ಕೂತಿತು. ನಡುವೆ ಬೆರಳಲ್ಲ, ಪೋಸ್ಟ್‌ಕಾರ್ಡೂ ತೂರುವುದಿಲ್ಲ. ಮೊದಲ ರಾತ್ರಿ ಸ್ವೆಟರ್ ತೆಗೆದು ಮಲಗಿದೆ. ಬೆಳಿಗ್ಗೆ ಚಮಚ ಹಿಡಿಯುವ ಕೆಲಸವಿರಲಿಲ್ಲ. ಅಡುಗೆಯವನು ವಾಲ್ಮೀಕಿ, ನಮ್ಮ ರಾಯಚೂರು ಕಡೆಯವನು, ಒಳಗೆ ಬಂದು, “ಏನಪಾ ಇದು, ನಮ್ಮವ್ವನ ಮಡಿಲಾಗ ಕುಂತಂಗೈತಿ” ಅಂದ.

ಬಹಳ ಬೆಚ್ಚಗಿದೆ ಎಂದು ಅಪ್ಪನಿಗೆ ಹೇಳು. ಎದುರಿನ ದೊಡ್ಡ ಗಾಜು, ಮೇಲಿನ ಗಾಳಿಕಿಂಡಿ ಎರಡು ಬಿಟ್ಟರೆ ಎಲ್ಲಿಂದಲೂ ಚಳಿ ಬರುತ್ತಿಲ್ಲ.

ಅಪ್ಪ, ನಿಮ್ಮ ಕೈ ಇನ್ನೂ ಹಾಗೇ ಇದೆ.

ರಫೀಕ್


ಬಳ್ಳಾರಿ
15 ಡಿಸೆಂಬರ್ 2024

ರಫೀಕ,

ಓದಿದ್ದು ಒಂದು ಸಲ, ಓದಿಸಿದ್ದು ಹತ್ತು ಸಲ;
ಪತ್ರ ಸವೆಯಿತು, ಅಪ್ಪನಿಗೆ ಸಾಲಲಿಲ್ಲ.

ನಿನ್ನ ಕೊನೆಯ ಸಾಲು ಬಂದಾಗಲೆಲ್ಲ ನನ್ನ ಕಡೆ ನೋಡದೆ ಕೈ ನೋಡಿಕೊಳ್ಳುತ್ತಾರೆ. ಎರಡನೆಯ ದಿನ ಈರಮ್ಮನಿಗೆ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು: “ನಮ್ಮ ರಫೀಕ ಸ್ವೆಟರ್ ತಗದು ಮಲಗ್ಯಾನಂತ, ಅಲ್ಲಿ, ಹಿಮದಾಗ.” ನಮ್ಮ ರಫೀಕ. ಒಲೆಯ ಮೇಲಿನ ಹಾಲು ಉಕ್ಕಿ ಹೋದದ್ದು ನನಗೆ ಗೊತ್ತಾಗಲಿಲ್ಲ.

ನೀನು ಎದುರಿನ ಗಾಜು, ಗಾಳಿಕಿಂಡಿ ಎಂದು ಬರೆದೆಯಲ್ಲ, ಅದನ್ನು ಹಿಡಿದುಕೊಂಡಿದ್ದಾರೆ. ಎರಡನೆಯ ಕಂತು ಶುರು. ಮತ್ತೆ ಕುರುಗೋಡು, ಮತ್ತೆ ಮೂಸುವುದು, ಮತ್ತೆ ಟೊಂಯ್ ಟೊಂಯ್. ಹತ್ತಿ ಹಾರಿ ಹೋಗಬಾರದೆಂದು ಬಾಗಿಲು, ಕಿಟಕಿ ಹಾಕಿಕೊಂಡು ಹಿಂಜುತ್ತಾರೆ. ಕೋಣೆಯಲ್ಲಿ ನಮ್ಮದೇ ಹಿಮ ಬಿದ್ದಿದೆ. ಸ್ವಲ್ಪ ಕೆಮ್ಮು ಇದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದರೆ, “ಮೂಗು ಕಟ್ಟಿದ್ರ ಹತ್ತಿ ಹೆಂಗ ಮಾತಾಡಸಲಿ?” ಎನ್ನುತ್ತಾರೆ.

ಮೊನ್ನೆ ನಾನೊಂದು ತಪ್ಪು ಮಾತಾಡಿದೆ. ಎದುರಿನ ಗಾಜು ಬಹಳ ದೊಡ್ಡದು, ಅದಕ್ಕೆ ಅಂಗಡಿಯ ಸ್ಪಂಜಿನ ಶೀಟು ಕತ್ತರಿಸಿ ಹಾಕೋಣವಾ ಎಂದೆ. ಬಿಲ್ಲು ಕೆಳಗಿಟ್ಟರು. ದೇಶನೂರಿನ ಮದುವೆ ನೆನಪಿದೆಯಲ್ಲ, ಬೀಗರು ಸ್ಪಂಜಿನ ಗಾದಿ ಹಾಸಿ ಮಲಗಿ ಎಂದದ್ದಕ್ಕೆ ಇವರು ಗಾದಿಯನ್ನು ಗೋಡೆಗೆ ಒರಗಿಸಿ ಬರೀ ನೆಲದ ಮೇಲೆ ಮಲಗಿದ್ದು, ಬೆಳಿಗ್ಗೆ ಬೀಗರು ನಮ್ಮಿಂದೇನು ತಪ್ಪಾಯಿತು ಎಂದು ಕೈ ಮುಗಿದದ್ದು? ಅದೇ ಮುಖ. “ಸ್ಪಂಜು ಅಂದ್ರ ಏನು? ಊದಿಸಿದ ಸುಳ್ಳು. ಸುಳ್ಳಿನ ಮ್ಯಾಲ ನನ್ನ ಮಗನ್ನ ಮಲಗಸಂಗಿಲ್ಲ” ಎಂದರು. ಸಂಜೆಯವರೆಗೆ ನನ್ನ ಜೊತೆ ಮಾತಿಲ್ಲ. ಸಿಟ್ಟು ಈಗ ನಿನ್ನಿಂದ ನನಗೆ ವರ್ಗವಾಗಿದೆ.

ಏಪ್ರಿಲ್‌ನಲ್ಲಿ ಬರುತ್ತಾನಾ ಎಂದು ಕೇಳಿದರು. ಬರುತ್ತಾನೆ ಎಂದೆ. ಸುಳ್ಳಾಗಿಸಬೇಡ.

ಅಕ್ಕ


ಕ್ಯಾಂಪು
30 ಡಿಸೆಂಬರ್ 2024

ಅಕ್ಕ,

ಈ ಪತ್ರ ನಿನಗೊಬ್ಬಳಿಗೆ. ಅಪ್ಪ ಇಲ್ಲದ ಹೊತ್ತಿನಲ್ಲಿ ಓದು.

ನನ್ನ ಪತ್ರಕ್ಕೆ ನಿನ್ನ ಉತ್ತರ ಇನ್ನೂ ಬಂದಿಲ್ಲ. ಅದು ಬರುವ ಮೊದಲೇ ಹೇಳಬೇಕು. ನಾನು ಬರೆದದ್ದು ಮೊದಲ ನಾಲ್ಕು ರಾತ್ರಿಗಷ್ಟೇ ನಿಜ.

ಗಾಡಿಯೊಳಗೆ ಅನ್ನ ಮಾಡುತ್ತೇನೆ, ಚಹಾ ಕಾಯಿಸುತ್ತೇನೆ, ಉಸಿರಾಡುತ್ತೇನೆ. ಆ ಆವಿಯೆಲ್ಲ ಹೋಗಿ ಹತ್ತಿಯಲ್ಲಿ ಕೂರುತ್ತದೆ. ಗಾಜಿನ ಕಡೆಗೆ ಹೋದದ್ದು ಹೆಪ್ಪಾಗುತ್ತದೆ. ಹೀಟರ್ ಹಾಕಿದಾಗ ಕರಗಿ ಹತ್ತಿ ನೆನೆಯುತ್ತದೆ, ಆರಿಸಿದಾಗ ಮತ್ತೆ ಗಟ್ಟಿ. ಈಗ ಅವು ಗಾದಿಗಳಲ್ಲ, ಕಡಪ ಕಲ್ಲು. ಒಂದು ಕಿತ್ತು ತೆಗೆಯಲು ಹೋದೆ, ಬಟ್ಟೆ ಗಾಜಿಗೆ ಅಂಟಿ ಹರಿದು ಬಂತು. ಬಿಸಿಲಿಗೆ ಹಾಕು ಎಂದರಲ್ಲ ಅಪ್ಪ. ಈ ಗುಡ್ಡದ ಸಂದಿನಲ್ಲಿ ಬಿಸಿಲು ಬರುತ್ತದೆ, ನೋಡಿಕೊಂಡು ಹೋಗುತ್ತದೆ. ಹತ್ತಿ ಒಣಗುವುದಿಲ್ಲ, ಇನ್ನೂ ಬಿಗಿಯುತ್ತದೆ.

ಒಳಗೆ ಈಗ ಕಿಟಕಿ ಬರಿದಾಗಿದ್ದಾಗಿನದಕ್ಕಿಂತ ಹೆಚ್ಚು ಚಳಿ. ಹಾಸಿಗೆಯೂ ಒದ್ದೆ. ಎಡಗೈಯ ಎರಡು ಬೆರಳ ತುದಿ ಕಪ್ಪಾಗಿ ಸ್ಪರ್ಶ ಹೋಗಿದೆ. ಕ್ಯಾಂಪಿನ ಕಾಂಪೌಂಡರ್ ನೋಡಿ, ಈ ತೇವದಲ್ಲೇ ಮಲಗಿದರೆ ಬೆರಳು ಉಳಿಯುವುದಿಲ್ಲ, ಎದೆಗೆ ಹಿಡಿದರೆ ನೀನೂ ಉಳಿಯುವುದಿಲ್ಲ ಎಂದ.

ಇದಕ್ಕೆ ಮದ್ದು ನನ್ನ ಮಂಚದ ಕೆಳಗೇ ಇದೆ, ಅಕ್ಕ. ಸಮ್ರಾಟ್ ಸಾಹೇಬರು ಮಾತು ಉಳಿಸಿಕೊಂಡರು. ಡಿಸೆಂಬರ್ ಮೊದಲ ವಾರದಲ್ಲಿ ಸ್ಪಂಜಿನ ಶೀಟುಗಳು ಬಂದವು, ಒಂದು ಮೈಗೆ ಬೆಳ್ಳಿ ಬಣ್ಣದ ಹಾಳೆ ಅಂಟಿಸಿದ್ದು. ಅವು ನೀರು ಕುಡಿಯುವುದಿಲ್ಲ. ಕತ್ತರಿಸಿ ಗಾಜಿಗೆ ಒತ್ತಿದರೆ ಆಯಿತು. ಪಕ್ಕದ ಗಾಡಿಯವನು ಹಾಕಿಕೊಂಡು ಹಾಯಾಗಿದ್ದಾನೆ. ನಾನು ಸುತ್ತಿದ್ದನ್ನು ಬಿಚ್ಚಿಲ್ಲ.

ವಾಲ್ಮೀಕಿ ನಿನ್ನೆ ಜಗಳವನ್ನೇ ಆಡಿದ. “ಬೆರಳು ದೊಡ್ಡದೋ, ಹತ್ತಿ ದೊಡ್ಡದೋ? ನಿಮ್ಮಪ್ಪ ಏನ್ ಇಲ್ಲಿಗಿ ಬಂದು ನೋಡ್ತಾನೇನಲೇ?” ಅಂದ. ನೋಡುವುದಿಲ್ಲ. ಆದರೆ ಅವರು ನನಗಾಗಿ ಅಟ್ಟದಿಂದ ಬಿಲ್ಲು ಇಳಿಸಿದ್ದಾರೆ. ಅವರು ಹಿಂಜಿದ ಹತ್ತಿ ಕಿತ್ತು ಆ ಜಾಗಕ್ಕೆ ಸ್ಪಂಜು ಒತ್ತಲು ನನ್ನ ಕೈ ಬರುತ್ತಿಲ್ಲ. ಏಪ್ರಿಲ್‌ನಲ್ಲಿ ಅವರ ಎದುರು ಕೂತು, ಬೆಚ್ಚಗಿತ್ತು ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳಬೇಕು. ಒಂದು ಚಳಿಗಾಲ. ಕಳೆಯುತ್ತೇನೆ.

ನಿನ್ನಿಂದ ಒಂದೇ ಕೆಲಸ. ಅವರು ಇನ್ನಷ್ಟು ಹಿಂಜುತ್ತೇನೆ ಎಂದರೆ ತಡಿ. ಎದುರಿನ ಗಾಜು ಎಂದು ನಾನು ಯಾಕೆ ಬರೆದೆನೋ. ಬರೀ ಹೊಗಳಿದರೆ ನಂಬುವುದಿಲ್ಲವೆಂದು ಒಂದು ಕೊರತೆ ಸೇರಿಸಿದೆ.

ರಫೀಕ್


ಬಳ್ಳಾರಿ
27 ಜನವರಿ 2025

ರಫೀಕನಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಪತ್ರ ಬಂದು ವಾರವಾಯಿತು. ಕೆಲಸ ಜಾಸ್ತಿ ಇತ್ತು, ಉತ್ತರ ತಡವಾಯಿತು.

ನೀನು ಬೇಡವೆಂದರೂ ಅಪ್ಪನಿಗೆ ವಿಷಯ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಹತ್ತಿ ತೆಗೆದುಬಿಡು, ಸಾಹೇಬರು ಕೊಟ್ಟ ಸ್ಪಂಜಿನ ಶೀಟುಗಳನ್ನೇ ಹಾಕಿಕೋ ಎಂದು ಹೇಳಿದ್ದಾರೆ. ಕಾಲಕ್ಕೆ ತಕ್ಕ ಹಾಗೆ ಇರಬೇಕು ಎಂದೂ ಹೇಳಿದರು. ನಿನ್ನ ಮೇಲೆ ಸಿಟ್ಟಿಲ್ಲ. ಎರಡನೆಯ ಕಂತು ಕಳಿಸುತ್ತಿಲ್ಲ.

ಪತ್ರ ಕೈ ಸೇರಿದ ಕೂಡಲೇ ಹತ್ತಿ ಕಿತ್ತು ಹಾಕು. ಬೆರಳಿಗೆ ಔಷಧಿ ತೆಗೆದುಕೋ. ರಸ್ತೆ ಸರಿಯಾಗುವವರೆಗೆ ಅಲ್ಲಿಂದ ಹೊರಡುವ ಯೋಚನೆ ಮಾಡಬೇಡ. ಇಲ್ಲಿ ಎಲ್ಲರೂ ಕ್ಷೇಮ.

ಕುಲ್ಸುಂಬೀ


ಕ್ಯಾಂಪು
14 ಫೆಬ್ರವರಿ 2025

ಅಕ್ಕ,

ನಿನ್ನ ಎರಡೂ ಪತ್ರ ಒಂದೇ ಚೀಲದಲ್ಲಿ ಬಂದವು, ಡಿಸೆಂಬರಿನದು, ಜನವರಿಯದು. ಮಂಜಿನಿಂದ ಲಾರಿ ತಡೆದಿತ್ತು. ಒಂದರ ಹಿಂದೆ ಒಂದು ಓದಿದೆ.

ಮೊದಲನೆಯದರಲ್ಲಿ ನೀನು ಸ್ಪಂಜು ಎಂದದ್ದಕ್ಕೆ ಅಪ್ಪ ನಿನ್ನ ಜೊತೆ ಮಾತು ಬಿಟ್ಟಿದ್ದಾರೆ. ಎರಡನೆಯದರಲ್ಲಿ ಹತ್ತಿ ತೆಗೆದು ಸ್ಪಂಜು ಹಾಕಿಕೋ ಎನ್ನುತ್ತಾರೆ. ಕಾಲಕ್ಕೆ ತಕ್ಕ ಹಾಗೆ ಇರಬೇಕು ಎನ್ನುತ್ತಾರೆ. ವಾಲ್ಮೀಕಿಗೆ ಓದಿ ತೋರಿಸಿದೆ. ಅವನು, “ಒಳ್ಳೇದಾತಲ್ಲ, ಮುದುಕ ಒಪ್ಪಿದ” ಅಂದ. ಅವನಿಗೇನು ಗೊತ್ತು.

ನನ್ನ ಅಪ್ಪ ನನಗೆ ಹೇಳಬೇಕಾದದ್ದು ಇದು: ನೀನು ಬಡಿಯಲಿಲ್ಲ, ಸರಿಯಾಗಿ ಒತ್ತಲಿಲ್ಲ, ಬಿಸಿಲಿಗೆ ಹಾಕಲಿಲ್ಲ, ಹತ್ತಿಯದು ತಪ್ಪಲ್ಲ, ನಿನ್ನದು. ಅಷ್ಟು ಬೈದಿದ್ದರೆ ನಾನು ನಂಬುತ್ತಿದ್ದೆ. ಆ ಸಂತೋಷಕ್ಕೇ ಶೀಟು ಬಿಚ್ಚುತ್ತಿದ್ದೆನೇನೋ.

ನಿನ್ನ ಪತ್ರದಲ್ಲಿ ಒಂದು ಪ್ರಾಸವಿಲ್ಲ. ನನಗೆ ಆಶೀರ್ವಾದಗಳು ಎಂದು ನೀನು ಯಾವತ್ತೂ ಬರೆದವಳಲ್ಲ. ಕೆಮ್ಮಿನ ಮಾತೇ ಇಲ್ಲ.

ಯಾವತ್ತು ಹೋದರು?

ಹತ್ತಿ ಇನ್ನೂ ಗಾಜಿನ ಮೇಲೇ ಇದೆ. ನೀನು ನಿಜ ಬರೆಯುವವರೆಗೆ ಇರುತ್ತದೆ.

ರಫೀಕ್


ಬಳ್ಳಾರಿ
3 ಮಾರ್ಚ್ 2025

ರಫೀಕ,

ಜನವರಿ ಒಂಬತ್ತು, ಗುರುವಾರ, ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೆ. ನಮ್ಮ ಮನೆಯಲ್ಲೇ.

ಹೊಸ ವರ್ಷಕ್ಕೆ ಜ್ವರ ಬಂತು. ಆಸ್ಪತ್ರೆಯಲ್ಲಿ ಎದೆಯ ಚಿತ್ರ ತೆಗೆದರು. ವಯಸ್ಸು ಎಂದರು ಡಾಕ್ಟರು. ನಾನೂ ವಯಸ್ಸು ಎಂದೇ ಎಲ್ಲರಿಗೂ ಹೇಳಿದ್ದೇನೆ. ನೀನೂ ಹಾಗೇ ತಿಳಿದುಕೋ. ನೀನು ಎದುರಿನ ಗಾಜು ಎಂದು ಬರೆದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಮತ್ತೆ ಮತ್ತೆ ಕೇಳಬೇಡ, ಮತ್ತೆ ಮತ್ತೆ ಇದನ್ನೇ ಹೇಳುತ್ತೇನೆ.

ಯಾಕೆ ತಿಳಿಸಲಿಲ್ಲ ಎನ್ನುವೆ. ಕ್ಯಾಂಪಿಗೆ ಫೋನ್ ಮಾಡಿಸಲು ಕಂಪನಿಯ ಬಳ್ಳಾರಿ ಆಫೀಸಿನವರೆಗೆ ಹೋಗಿದ್ದೆ. ಬಾಗಿಲಲ್ಲಿ ನಿಂತು ಯೋಚನೆ ಮಾಡಿದೆ. ಹೇಳಿದರೆ ನೀನು ಹೊರಡುತ್ತೀಯ. ಆ ರಸ್ತೆಯಲ್ಲಿ, ಆ ತಿಂಗಳಲ್ಲಿ. ಮಣ್ಣಿಗಂತೂ ಸಿಗುವುದಿಲ್ಲ, ನೀನೂ ದಾರಿಯಲ್ಲಿ ಸಿಗದೆ ಹೋದರೆ? ವಾಪಸು ಬಂದೆ. ಎರ್ರಿಸ್ವಾಮಿ ಮಾವ ಸಿರುಗುಪ್ಪದಿಂದ ಬಂದು ಹೆಗಲು ಕೊಟ್ಟ. ಅದು ರಫೀಕನ ಜಾಗ ಎಂದು ಯಾರೋ ಅಂದರು. “ಅದಕ್ಕs ನಾನು ನಿಂತೀನಿ” ಅಂದ.

ನಿನ್ನ ಪತ್ರ ಜನವರಿ ಇಪ್ಪತ್ತಕ್ಕೆ ಬಂತು. ಅವರು ಹೋದ ಮೇಲೆ. ಹತ್ತಿ ಕಲ್ಲಾದದ್ದು ಅವರಿಗೆ ಗೊತ್ತಾಗಲೇ ಇಲ್ಲ. ಅವರು ಸಾಯುವಾಗ ನಿನ್ನ ಬಸ್ಸು ಬೆಚ್ಚಗಿತ್ತು, ರಫೀಕ. ಜ್ವರದಲ್ಲಿ ಕೂಡ, “ಸ್ವೆಟರ್ ತಗದು ಮಲಗ್ಯಾನ” ಅನ್ನುತ್ತಿದ್ದರು. ಆ ಸುಳ್ಳಿಗೆ ನಾನು ನಿನಗೆ ಋಣಿ.

ಅವರ ಹೆಸರಿನಲ್ಲಿ ನಾನು ಹೇಳಿದ ಸುಳ್ಳು ಮಾತ್ರ ಸರಿಯಾಗಿ ಕೂಡಲಿಲ್ಲ. ಎಷ್ಟು ಹೊತ್ತು ಕೂತು ಬರೆದೆ ಗೊತ್ತಾ. ಅವರ ಬಾಯಿಂದ ಆ ಮಾತು ಹೊರಡಿಸಲು ಒಂದೇ ಒಂದು ದಾರಿ ಸಿಗಲಿಲ್ಲ. ಬದುಕಿದ್ದರೆ ಏನನ್ನುತ್ತಿದ್ದರು ಎಂದು ಯೋಚಿಸಿದೆ, ನೀನು ಬರೆದ ಹಾಗೇ ಬೈಯುತ್ತಿದ್ದರು. ಬೈಗುಳ ಬರೆದರೆ ನೀನು ಹತ್ತಿ ತೆಗೆಯುವುದಿಲ್ಲ. ಅದಕ್ಕೆ ಅವರನ್ನು ಸಾಧುವಾಗಿಸಿದೆ.

ಈಗ ಯಾರ ಹೆಸರನ್ನೂ ಮುಂದೆ ಇಡದೆ ನಾನೇ ಹೇಳುತ್ತೇನೆ. ತೆಗಿ. ನೀನು ಮೆಚ್ಚಿಸಬೇಕಾದವರು ಈಗ ಇಲ್ಲ. ಕಾಯುವವಳು ಒಬ್ಬಳಿದ್ದಾಳೆ, ಅವಳಿಗೆ ನಿನ್ನ ಕೈ ಬೇಕು, ಬೆರಳಿನ ಸಮೇತ. ಈ ಮನೆಯಲ್ಲಿ ಇನ್ನೊಂದು ಸಲ ಯಾರ ಮೈ ತೊಳೆಯುವುದಕ್ಕೂ ನೀರು ಕಾಯಿಸಿ ಕೊಡಲು ನನ್ನಿಂದ ಆಗುವುದಿಲ್ಲ.

ಪ್ರಾಸ ಬರುತ್ತಿಲ್ಲ. ಪ್ರಯತ್ನ ಮಾಡಿದೆ.

ಅಕ್ಕ


ಕ್ಯಾಂಪು
22 ಮಾರ್ಚ್ 2025

ಅಕ್ಕಾ,

ಪುಸ್ತಕದ ಭಾಷಿ ಇವತ್ತು ಬರಂಗಿಲ್ಲ. ಮಾತಾಡಿದಂಗ ಬರೀತೀನಿ.

ನಿನ್ನ ಪತ್ರ ನಿನ್ನೆ ಮುಂಜಾನಿ ಬಂತು. ಇಲ್ಲಿನ್ನೂ ರಾತ್ರಿ ನೀರು ಬಿಟ್ಟರ ಕಲ್ಲಾಗತೈತಿ. ಕ್ಯಾಂಪಿನಾಗ ನಮ್ಮವರು ನಾಕು ಮಂದಿ ಅದಾರ. ಕೂಡಿ ನಿಂತು ಅಪ್ಪಗ ದುವಾ ಮಾಡಿದ್ವಿ. ವಾಲ್ಮೀಕಿ ಹಿಂದ ಟೋಪಿ ತಗದು ಕೈಯಾಗ ಹಿಡಕಂಡು ನಿಂತಿದ್ದ.

ಆಮ್ಯಾಲ ಇಬ್ಬರೂ ಸೇರಿ ಹತ್ತಿ ತಗದಿವಿ. ಹೀಟರ್ ಹಚ್ಚಿ, ಬಿಸಿನೀರಿನ ಬಟ್ಟಿ ಒತ್ತಿ ಒತ್ತಿ, ಒಂದೊಂದs. “ಕೊಡ್ಲಿ ತರಲೇನು?” ಅಂದ ವಾಲ್ಮೀಕಿ. ಬ್ಯಾಡ ಅಂದೆ. ಅಂವನೂ ಮೆಲ್ಲಕs ಬಿಡಿಸಿದ. ಹೊರಗ ಸಾಲಾಗಿ ಇಟ್ಟಿವಿ. ನೀನು ಹೊಲಿದ ಗುಂಡಿ ಒಂದೂ ಬಿದ್ದಿಲ್ಲ.

ಸ್ಪಂಜಿನ ಶೀಟು ಕತ್ತರಿಸಿ ಒತ್ತಾಕ ಬಾಳ ಹೊತ್ತು ಹಿಡೀಲಿಲ್ಲ. ಹುಡುಗರು ಮಾಡೋ ಕೆಲಸ. ಬೆರಳು ಒಂದು ಉಳೀತೈತಿ ಅಂದಾನ ಕಾಂಪೌಂಡರ. ಇನ್ನೊಂದರ ತುದಿ ಹೋಗತೈತಿ. ಸ್ಟೇರಿಂಗಿಗಿ ಅಡ್ಡಿಲ್ಲ. ಏಪ್ರಿಲ್ ಕಡೀಗಿ ಬರ್ತೀನಿ.

ಅಪ್ಪ ಅಂದಿದ್ದು ಖರೆ ಅಲ್ಲಕ್ಕಾ. ಸ್ಪಂಜು ಸುಳ್ಳಲ್ಲ. ಒಳಗ ಈಗ ಸ್ವೆಟರ್ ಇಲ್ಲದ ಬರೇ ಅಂಗೀ ಮ್ಯಾಲ ಕುಂತು ಬರೀಲಿಕತ್ತೀನಿ. ಗಾಜಿನ ಮ್ಯಾಲ ಒಂದು ಹನಿ ಇಲ್ಲ.

ಬೆಚ್ಚಗೈತಿ. ನಿದ್ದಿ ಬರವಲ್ದು.

ರಫೀಕ